ಹದಿನೈದು ವರ್ಷ ಬಾಳುವ ಕಾರು: ಜಪಾನಿನದ್ದೋ, ಯುರೋಪಿನದ್ದೋ?

ಪೇಟೆಯವರು ಐದಾರು ವರ್ಷಕ್ಕೊಮ್ಮೆ ಕಾರು ಬದಲಿಸುತ್ತಾರೆ. ನಾವು ಕೃಷಿಕರು ಹಾಗಲ್ಲ. ಪಂಪ್‌ಸೆಟ್ಟು, ಸ್ಪ್ರೇಯರಿನ ಹಾಗೆ ಕಾರನ್ನೂ ಒಮ್ಮೆ ಅಂಗಳಕ್ಕೆ ತಂದರೆ ‘ಇನ್ನು ಇದರಿಂದ ಆಗಲಿಕ್ಕಿಲ್ಲ’ ಎನ್ನುವವರೆಗೆ ಓಡಿಸುವವರು. ಶೋರೂಮಿನಲ್ಲಿ ಹೇಳುವ ಮೈಲೇಜು, ಪಿಕಪ್ಪಿಗಿಂತ ಹತ್ತನೇ ವರ್ಷದ ನಂತರ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನಮಗೆ ಮುಖ್ಯ.

ಈಚೆಗೆ ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರಿಗೆ ಒಂದು ಗೊಂದಲ. ಹೊಸತಿದ್ದಾಗ ಇನ್ನೋವಾದ ಎರಡು ಪಟ್ಟು ಬೆಲೆಯಿದ್ದ ಜರ್ಮನ್ ಕಾರು ಹತ್ತು ವರ್ಷ ಕಳೆಯುವಾಗ ಇನ್ನೋವಾದ ಆಸುಪಾಸಿನ ಬೆಲೆಗೇ ಬಂದು ನಿಂತಿರುತ್ತದೆ. ‘ಇಷ್ಟು ಒಳ್ಳೆ ಕಾರು ಇಷ್ಟು ಕಡಿಮೆಗೆ ಸಿಗ್ತದಲ್ಲ, ಹಾಕಿಬಿಡುವುದಾ?’ ಎಂದು ಕೇಳುತ್ತಾರೆ. ಹಾಕಬಹುದೋ ಬಾರದೋ ಎಂದು ಹೇಳುವ ಮೊದಲು ಬೆಲೆ ಯಾಕೆ ಅಷ್ಟು ಇಳಿಯಿತು ಎಂದು ನೋಡಬೇಕು.

ನನ್ನದು ಅಡಿಕೆ, ಕಾಳುಮೆಣಸಿನ ತೋಟ. ಡಾಮಾರು ರಸ್ತೆಯಿಂದ ಮೂರು ಕಿ.ಮೀ. ಒಳಗೆ. ಇಷ್ಟು ವರ್ಷಗಳಲ್ಲಿ ಜೀಪು, ಓಮ್ನಿ, ಸ್ವಿಫ್ಟ್ ಡೀಸೆಲ್ ಓಡಿಸಿದ್ದೇನೆ. ವಾಹನಕ್ಕೆ ಹಾಕಿದ ಖರ್ಚನ್ನು ತೋಟದ ಲೆಕ್ಕಪುಸ್ತಕದಲ್ಲೇ ಬರೆದಿಡುವುದು ಅಭ್ಯಾಸ. ಆ ಅನುಭವ, ಗ್ಯಾರೇಜಿನವರ ಮಾತು, ಓದಿ ತಿಳಿದದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಕೆಡದ ಗಾಡಿ, ರಿಪೇರಿಯಾಗುವ ಗಾಡಿ

ಯುರೋಪಿನ ಕಾರು ನಮಗೆ ಹೊಸದೇನಲ್ಲ. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಎಂದರೆ ಇಟೆಲಿಯ ಫಿಯೆಟ್ 1100. ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಜತೆ ಡೀಸೆಲ್ ಎಂಜಿನ್ನಿಗೆ ಒಪ್ಪಂದ ಮಾಡಿಕೊಂಡಿತು. ಮಲೆನಾಡಿನ ಏರುದಾರಿಗಳಲ್ಲಿ ಗೊಬ್ಬರ, ಅಡಿಕೆ, ಮದುವೆ ದಿಬ್ಬಣ ಎಲ್ಲ ಹೊತ್ತ ಎಷ್ಟೋ ಜೀಪುಗಳ ಬಾನೆಟ್ಟಿನೊಳಗೆ ಇದ್ದದ್ದು ಆ ಫ್ರೆಂಚ್ ಎಂಜಿನ್ನೇ.

ಇವು ಕೆಡದ ಗಾಡಿಗಳಾಗಿರಲಿಲ್ಲ. ಆಗಾಗ ಕೆಡುತ್ತಿದ್ದವು. ಆದರೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಒಂದು ತುಂಡು ಸರಿಗೆ ಇದ್ದರೆ ದಾರಿಬದಿಯಲ್ಲೇ ರಿಪೇರಿಯಾಗುತ್ತಿದ್ದವು. 1983ರ ಡಿಸೆಂಬರಿನಲ್ಲಿ ಸುಜುಕಿ ತಂತ್ರದ ಮಾರುತಿ 800 ರಸ್ತೆಗಿಳಿದಾಗ ನಮ್ಮವರಿಗೆ ಮೊದಲ ಸಲ ಬೇರೆ ಗುಣವೊಂದು ಪರಿಚಯವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ‘ಇಷ್ಟು ತೆಳು ತಗಡು, ಎಷ್ಟು ದಿನ ಬಾಳೀತು?’ ಎಂದು ಹಿರಿಯರು ನಕ್ಕರು. ಆ ತೆಳು ತಗಡಿನ ಕಾರುಗಳು ಇಪ್ಪತ್ತು ವರ್ಷದ ನಂತರವೂ ಹಾಲಿನ ಡಿಪೋಗೆ ಹೋಗಿ ಬರುತ್ತಿದ್ದವು.

ಕೆಡದಿರುವುದು ಒಂದು ಗುಣ. ಕೆಟ್ಟರೆ ಊರಲ್ಲೇ ರಿಪೇರಿಯಾಗುವುದು ಇನ್ನೊಂದು. ಹಳೇ ಯುರೋಪಿನ ಗಾಡಿಗಳಲ್ಲಿ ಎರಡನೆಯದು ಇತ್ತು. ಜಪಾನಿನವು ಮೊದಲನೆಯದನ್ನು ತಂದವು, ಬಿಡಿಭಾಗ ಎಲ್ಲ ಕಡೆ ಸಿಗುವಂತಾದ ಮೇಲೆ ಎರಡನೆಯದನ್ನೂ ಸೇರಿಸಿಕೊಂಡವು. ಈಗಿನ ಯುರೋಪಿಯನ್ ಕಾರುಗಳ ತೊಂದರೆ ಎಂದರೆ, ಎರಡರಲ್ಲೂ ಹಳ್ಳಿಯ ಮಟ್ಟಿಗೆ ಅವು ಹಿಂದೆ ಉಳಿದಿವೆ.

ಮಗ್ಗದಿಂದ ಬಂದ ಪಾಠ

ಜಪಾನಿನ ಕಾರು ಬಾಳಿಕೆ ಬರಲು ಕಬ್ಬಿಣ ಬೇರೆ ಎಂಬುದು ಕಾರಣವಲ್ಲ. ಟೊಯೊಟಾ, ಸುಜುಕಿ ಎರಡೂ ಮನೆತನಗಳು ಮೊದಲು ಮಾಡುತ್ತಿದ್ದದ್ದು ಬಟ್ಟೆ ನೇಯುವ ಮಗ್ಗ. ಸಕಿಚಿ ಟೊಯೊಡಾ ತಂಡದ 1924ರ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷ ಇತ್ತು. ನೂಲು ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹಾಳು ಬಟ್ಟೆ ಮುಂದಕ್ಕೆ ಹೋಗುತ್ತಿರಲಿಲ್ಲ. 1929ರಲ್ಲಿ ಇದರ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡಿತು. ಯಂತ್ರವಿದ್ಯೆಯ ತವರಾದ ಇಂಗ್ಲೆಂಡೇ ಜಪಾನಿನಿಂದ ಕೊಂಡ ತಂತ್ರ ಅದು.

ಮುಂದೆ ಅದೇ ನಿಯಮ ಕಾರಿನ ಕಾರ್ಖಾನೆಗೂ ಬಂತು. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಮೇಲ್ವಿಚಾರಕ ಓಡಿ ಬರುತ್ತಾನೆ. ಅಲ್ಲೇ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜಪಾನಿಗೆ ಹೋಗಿ ಗುಣಮಟ್ಟದ ಬಗ್ಗೆ ಪಾಠ ಮಾಡಿದರು. ಅಮೆರಿಕದಲ್ಲಿ ಕಿವಿಗೊಡದ ಮಾತನ್ನು ಜಪಾನಿನವರು ಕಾರ್ಖಾನೆಯಲ್ಲಿ ಮಾಡಿ ನೋಡಿದರು.

1980ರ ದಶಕದಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಹಲವು ದೇಶಗಳ ಕಾರು ಕಾರ್ಖಾನೆಗಳನ್ನು ಹೊಕ್ಕು ನೋಡಿದರು. 1990ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಯುರೋಪಿನ ಒಂದು ದುಬಾರಿ ಕಾರಿನ ಕಾರ್ಖಾನೆಯ ವಿವರ ಇದೆ. ಅಲ್ಲಿ ಜೋಡಣೆ ಮುಗಿದ ಕಾರುಗಳನ್ನು ನುರಿತ ತಂತ್ರಜ್ಞರು ಪುನಃ ನೋಡಿ ತಪ್ಪು ಸರಿಪಡಿಸುತ್ತಿದ್ದರು. ಒಟ್ಟು ಶ್ರಮದ ಮೂರನೇ ಒಂದು ಪಾಲು ಹೋಗುತ್ತಿದ್ದದ್ದು ಈ ತಿದ್ದುವ ಕೆಲಸಕ್ಕೆ. ಜಪಾನಿನ ಕಾರ್ಖಾನೆಯೊಂದು ಇಡೀ ಕಾರನ್ನು ಜೋಡಿಸಲು ಅಷ್ಟು ಶ್ರಮ ಪಡುತ್ತಿರಲಿಲ್ಲವಂತೆ. ಕೊಳೆರೋಗ ಬಂದ ಮೇಲೆ ಉದುರಿದ ಕಾಯಿ ಹೆಕ್ಕುವುದಕ್ಕೂ ಮಳೆಗೆ ಮೊದಲೇ ಬೋರ್ಡೋ ಹೊಡೆಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಈಗ ಯುರೋಪಿನವರೂ ಈ ಪದ್ಧತಿ ಕಲಿತಿದ್ದಾರೆ. ಹೊಸ ಕಾರಿನಲ್ಲಿ ಆಗಿನಷ್ಟು ಅಂತರ ಈಗಿಲ್ಲ. ಅಂತರ ಕಾಣುವುದು ಕಾರು ಹಳತಾದ ಮೇಲೆ.

ಹೊಸತು ಮೊದಲು ಯಾರಿಗೆ?

ಇದಕ್ಕೆ ಕಾರಣ ವಿನ್ಯಾಸದಲ್ಲಿದೆ. ಕಾರಿನ ದೊಡ್ಡ ಆವಿಷ್ಕಾರಗಳಲ್ಲಿ ಬಹಳಷ್ಟು ಯುರೋಪಿನವು. ಬ್ರೇಕ್ ಹಾಕುವಾಗ ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ಸಿನಲ್ಲಿ ಬಂತು. ಕಾಮನ್ ರೈಲ್ ಡೀಸೆಲ್ 1997ರಲ್ಲಿ ಇಟೆಲಿಯ ಆಲ್ಫಾ ರೋಮಿಯೊ ಕಾರಿನಲ್ಲಿ ಬಂತು. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫಿನಲ್ಲಿ ಬಂತು. ಇವೆಲ್ಲ ಒಳ್ಳೆಯವೇ. ಆದರೆ ಹೊಸ ತಳಿಯನ್ನು ಮೊದಲು ನೆಟ್ಟವನೇ ಅದರ ರೋಗವನ್ನೂ ಮೊದಲು ಕಾಣುವವನು.

ಆ ಗೇರ್‌ಬಾಕ್ಸಿನ ಕಥೆಯನ್ನೇ ನೋಡಿ. 2013ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಏಳು ಗೇರಿನ ಡಿಎಸ್‌ಜಿ ಇರುವ 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಬೇಕಾಯಿತು. ಬಿಸಿ, ತೇವದ ಹವೆಯಲ್ಲಿ ಅದರ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ದೋಷ ಬರುತ್ತಿತ್ತು. ಅದನ್ನು ತೆಗೆದು ಮಿನರಲ್ ಎಣ್ಣೆ ಹಾಕಿದರು. ಜರ್ಮನಿಯ ಚಳಿಯಲ್ಲಿ ಸರಿ ಇದ್ದದ್ದು ನಮ್ಮಂಥ ಹವೆಯಲ್ಲಿ ಸರಿ ಇರಲಿಲ್ಲ. ಇನ್ನೊಂದು ಉದಾಹರಣೆ ಪ್ಯೂಜೊ, ಸಿಟ್ರೊಎನ್ ಕಾರುಗಳ 1.2 ಲೀಟರ್ ಪೆಟ್ರೋಲ್ ಎಂಜಿನ್. ಅದರ ಟೈಮಿಂಗ್ ಬೆಲ್ಟು ಎಣ್ಣೆಯಲ್ಲಿ ಮುಳುಗಿಕೊಂಡೇ ತಿರುಗುತ್ತದೆ. ವರ್ಷ ಕಳೆದಂತೆ ಬೆಲ್ಟು ಸವೆದು, ಅದರ ಚೂರು ಎಣ್ಣೆಯ ದಾರಿಯಲ್ಲಿ ಕಟ್ಟಿಕೊಳ್ಳತೊಡಗಿತು. ದೂರು ಹೆಚ್ಚಿ, ಕಂಪನಿ 2024ರಲ್ಲಿ ಯುರೋಪಿನ ಗ್ರಾಹಕರಿಗೆ 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ಹೊಣೆ ಹೊರಬೇಕಾಯಿತು.

ಟೊಯೊಟಾ, ಸುಜುಕಿಯವರ ರೀತಿ ಬೇರೆ. ಹಳೇ ಮಾದರಿಯಲ್ಲಿ ಪಾಸಾದ ಎಂಜಿನ್, ಗೇರ್‌ಬಾಕ್ಸನ್ನೇ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಹೊಸ ಮಾದರಿಗೂ ಹಾಕುತ್ತಾರೆ. ಒಂದೇ ಸಲ ಎಲ್ಲವನ್ನೂ ಬದಲಿಸುವುದಿಲ್ಲ. ನಮ್ಮ ಬಿಡದಿಯಲ್ಲಿ 2005ರಿಂದ ತಯಾರಾದ ಮೊದಲ ಇನ್ನೋವಾ ಸುಮಾರು ಹನ್ನೊಂದು ವರ್ಷ ಅದೇ ಡೀಸೆಲ್ ಎಂಜಿನ್ನಿನೊಂದಿಗೆ ನಡೆಯಿತು. ಓದುವವರಿಗೆ ಇದು ಬೇಸರದ ಕಾರು. ಗ್ಯಾರೇಜಿನವನಿಗೆ ಕಣ್ಣುಮುಚ್ಚಿ ಬಿಚ್ಚಬಹುದಾದ ಕಾರು.

ಬಳಸುವವರೂ ಬೇರೆ. ಜರ್ಮನಿಯಲ್ಲಿ ಹೊಸ ಕಾರುಗಳ ಅರ್ಧಕ್ಕಿಂತ ಹೆಚ್ಚು ಕಂಪನಿಗಳ ಹೆಸರಿನಲ್ಲಿ ನೋಂದಣಿಯಾಗುತ್ತವೆ. ಇವುಗಳಲ್ಲಿ ಅನೇಕ ಮೂರು-ನಾಲ್ಕು ವರ್ಷದಲ್ಲಿ ಕೈ ಬದಲಾಗುತ್ತವೆ. ಮೊದಲ ಮಾಲೀಕನಿಗೆ ಹತ್ತನೇ ವರ್ಷದ ಚಿಂತೆ ಇಲ್ಲ. ಆ ಚಿಂತೆ ನಮ್ಮಂಥ ಮೂರನೇ ಮಾಲೀಕನಿಗೆ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ವರ್ಷವರ್ಷವೂ 3 ಲಕ್ಷಕ್ಕೂ ಹೆಚ್ಚು ವಾಹನಗಳ ಮಾಲೀಕರಿಂದ ತೊಂದರೆಗಳ ವಿವರ ಪಡೆಯುತ್ತದೆ. ಅದರ ಪಟ್ಟಿಯ ಮೇಲ್ಭಾಗದಲ್ಲಿ ಬಹುಕಾಲದಿಂದ ಟೊಯೊಟಾ, ಲೆಕ್ಸಸ್, ಹೋಂಡಾ, ಸುಬಾರು ಇರುತ್ತವೆ. ಯುರೋಪಿನ ಹೆಚ್ಚಿನವು ಮಧ್ಯದಲ್ಲಿ ಅಥವಾ ಕೆಳಗೆ. ಬಿಎಂಡಬ್ಲ್ಯು ಮಾತ್ರ ಈಚಿನ ವರ್ಷಗಳಲ್ಲಿ ಮೇಲೆ ಬಂದಿದೆ.

ಜರ್ಮನಿಯ ಕಡ್ಡಾಯ ತಪಾಸಣೆಯ ವರದಿ ಇಷ್ಟು ಏಕಪಕ್ಷೀಯವಲ್ಲ. ಅಲ್ಲಿನ ಟ್ಯೂಫ್ ಸಂಸ್ಥೆಯ 2024ರ ವರದಿಯಲ್ಲಿ ಮೊದಲ ಸ್ಥಾನ ಫೋಕ್ಸ್‌ವ್ಯಾಗನ್ ಗಾಲ್ಫ್ ಸ್ಪೋರ್ಟ್ಸ್‌ವ್ಯಾನಿಗೆ ಹೋಗಿತ್ತು. 2025ರ ವರದಿಯಲ್ಲಿ ಹೋಂಡಾ ಜಾಝ್‌ಗೆ. ಕಾಲಕಾಲಕ್ಕೆ ಸರ್ವಿಸ್ ಆದ ಯುರೋಪಿನ ಕಾರು ಪಾಸಾಗುವುದು ಕಷ್ಟವಲ್ಲ ಎಂದಾಯಿತು.

ದಾರಿಯಲ್ಲಿ ನಿಂತ ಕಾರುಗಳ ಲೆಕ್ಕ ಇಡುವ ಜರ್ಮನಿಯ ಎಡಿಎಸಿ ಸಂಸ್ಥೆಯ ಅಂಕಿ ಇನ್ನೂ ಕುತೂಹಲಕರ. ಕಾರು ಕೈಕೊಡುವ ಕಾರಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಸಾಮಾನ್ಯ 12 ವೋಲ್ಟಿನ ಬ್ಯಾಟರಿಯದ್ದು. ಈ ಪಟ್ಟಿಯಲ್ಲಿ ಟೊಯೊಟಾದ ಕೆಲವು ಮಾದರಿಗಳೇ ಕೆಟ್ಟ ಹೆಸರು ಪಡೆದಿವೆ. ಎಂಜಿನ್ ಸರಿ ಇದೆ, ಓಡಿಸದೆ ನಿಲ್ಲಿಸಿದಾಗ ಸಣ್ಣ ಬ್ಯಾಟರಿ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ಕಾರು ಬಿಡುವ ನಾವು ಇದನ್ನು ನೆನಪಿಡಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಒಳ್ಳೆಯದು.

ಒಂದೇ ಎಂಜಿನ್, ಎರಡು ಹಣೆಬರಹ

ನಮ್ಮ ದೇಶದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಫಿಯೆಟ್ ರೂಪಿಸಿದ 1248 ಸಿ.ಸಿ.ಯ ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನು ಮಾರುತಿ ಸುಜುಕಿ 2007ರಿಂದ ಸ್ವಿಫ್ಟಿಗೆ, ನಂತರ ಡಿಸೈರ್‌ಗೆ ಹಾಕಿತು. ಟಾಟಾದವರು ವಿಸ್ಟಾಕ್ಕೆ ಹಾಕಿದರು. ಫಿಯೆಟ್ ತನ್ನ ಲಿನಿಯ, ಪುಂಟೊಗಳಲ್ಲಿ ಹಾಕಿತು. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬರುವವರೆಗೆ ಲಕ್ಷಾಂತರ ಎಂಜಿನ್ ಓಡಿದವು. ನನ್ನ ಸ್ವಿಫ್ಟಿನದ್ದೂ ಅದೇ. ಎರಡು ಲಕ್ಷ ಕಿ.ಮೀ. ದಾಟಿದೆ. ಕ್ಲಚ್ ಎರಡು ಸಲ, ಟೈಮಿಂಗ್ ಚೈನ್ ಒಮ್ಮೆ ಬದಲಿಸಿದ್ದು ಬಿಟ್ಟರೆ ಎಂಜಿನ್ ಬಿಚ್ಚಿಸಿಲ್ಲ.

ಎಂಜಿನ್ ಒಂದೇ. ಲಿನಿಯ, ಪುಂಟೊಗಳ ಬಾಡಿ ಇನ್ನೂ ಗಟ್ಟಿ, ರಸ್ತೆ ಹಿಡಿತ ಇನ್ನೂ ಚೆನ್ನ. ಆದರೂ ಹಳೇ ಕಾರಿನ ಸಂತೆಯಲ್ಲಿ ಸ್ವಿಫ್ಟಿಗೆ ಬಂದ ಬೆಲೆ ಅವುಗಳಿಗೆ ಬರಲಿಲ್ಲ. ‘ಸ್ವಿಫ್ಟಿನ ಬಂಪರ್, ಬೇರಿಂಗು ತಾಲೂಕು ಪೇಟೆಯಲ್ಲೇ ಉಂಟು. ಅದರದ್ದು ಬೇಕಾದ್ರೆ ಆರ್ಡರ್ ಹಾಕಿ ಕಾಯ್ಬೇಕು ಮಾರಾಯ್ರೆ’ ಎಂದು ನಮ್ಮ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಹೇಳಿದ. 2019ರ ಹೊತ್ತಿಗೆ ಫಿಯೆಟ್ ಇಲ್ಲಿ ತನ್ನ ಕಾರುಗಳ ಮಾರಾಟ ನಿಲ್ಲಿಸಿತು. ನಾವು ‘ಜಪಾನಿ ಬಾಳಿಕೆ’ ಎಂದು ಕರೆಯುವುದರಲ್ಲಿ ಒಂದು ಪಾಲು ಪಕ್ಕದ ಪೇಟೆಯ ಬಿಡಿಭಾಗದ ಅಂಗಡಿಯದ್ದು.

ಇನ್ನೊಂದು ಸಾಕ್ಷಿ ವೋಲ್ವೊ. ಸ್ವೀಡನ್ನಿನ ಈ ಕಂಪನಿ ಹೊಸಕೋಟೆಯಲ್ಲಿ 1998ರಿಂದ ಲಾರಿ, 2001ರಿಂದ ಬಸ್ಸು ತಯಾರಿಸಿತು. ಅದರ ಬಸ್ಸುಗಳು ಘಾಟಿ ಹತ್ತಿ ಇಳಿದು ಲಕ್ಷಗಟ್ಟಲೆ ಕಿ.ಮೀ. ಓಡಿವೆ. ಅವಕ್ಕೆ ಡಿಪೋ ಇದೆ, ತರಬೇತಾದ ಮೆಕ್ಯಾನಿಕ್ ಇದ್ದಾನೆ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಗುತ್ತದೆ. ಅಮೆರಿಕದ ಇರ್ವ್ ಗೋರ್ಡನ್ ಎಂಬ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೊ ಕಾರನ್ನೇ ಓಡಿಸುತ್ತಾ 2013ರಲ್ಲಿ 30 ಲಕ್ಷ ಮೈಲಿ, ಎಂದರೆ ಸುಮಾರು 48 ಲಕ್ಷ ಕಿ.ಮೀ. ಮುಟ್ಟಿದರು. ಒಬ್ಬನೇ ಮಾಲೀಕ ಅತಿ ಹೆಚ್ಚು ಓಡಿಸಿದ ಕಾರು ಎಂಬ ದಾಖಲೆ ಜಪಾನಿನದ್ದಲ್ಲ, ಯುರೋಪಿನದ್ದೇ. ಆರೈಕೆ ಕೊಟ್ಟರೆ ಅವು ಬಾಳುತ್ತವೆ. ಆರೈಕೆ ತಪ್ಪಿದರೆ ಜಪಾನಿನವು ಸ್ವಲ್ಪ ಕಾಲ ಸಹಿಸಿಕೊಳ್ಳುತ್ತವೆ, ಯುರೋಪಿನವು ಸಹಿಸುವುದಿಲ್ಲ. ನನಗೆ ಕಂಡ ಮುಖ್ಯ ವ್ಯತ್ಯಾಸ ಇದು.

ನಿಂತ ದಿನದ ಬೆಲೆ

ನಮ್ಮ ಕಡೆಯ ಕೃಷಿಕರೊಬ್ಬರು ಒಂಬತ್ತು ವರ್ಷ ಹಳೇ ಯುರೋಪಿಯನ್ ಆಟೋಮ್ಯಾಟಿಕ್ ಕಾರು ಕೊಂಡರು. ಕಂಪನಿಯ ಹೆಸರು ಬೇಡ. ಮನೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾದ ತಾಯಿ ಇದ್ದರು. ಮೆತ್ತಗಿನ ಸೀಟು, ಕುಲುಕು ಕಡಿಮೆ ಎಂಬುದೇ ಕಾರಣ. ಎಂಟು ತಿಂಗಳು ಅಂದವಾಗಿ ಓಡಿತು. ಒಂದು ದಿನ ಗೇರ್ ಹಿಡಿಯಲಿಲ್ಲ. ಎಳೆಸಿಕೊಂಡು ದೂರದ ನಗರಕ್ಕೆ ಸಾಗಿಸಿದರು. ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ ಭಾಗಕ್ಕೆ ಹೇಳಿದ ಬೆಲೆ ಕಾರು ಕೊಂಡ ಹಣದ ಕಾಲು ಭಾಗದಷ್ಟು. ಭಾಗ ಬರಲು ಒಂದೂವರೆ ತಿಂಗಳು. ಅಷ್ಟು ದಿನ ಪ್ರತಿಸಲವೂ ಬಾಡಿಗೆ ಜೀಪು. ಮಳೆಯ ದಿನ ಒಮ್ಮೆ ಜೀಪೂ ಸಿಗದೆ ಒಂದು ಸರದಿ ತಪ್ಪಿತು. ಮರುದಿನ ಏದುಸಿರು ಬಿಡುತ್ತಿದ್ದ ತಾಯಿಯನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಪುಣ್ಯಕ್ಕೆ ಚೇತರಿಸಿಕೊಂಡರು.

ಕಾರು ಸರಿಯಾಗಿ ಬಂದ ಮೇಲೆ ಅದನ್ನು ಮಾರಿ ಅವರು ಹಳೇ ಇನ್ನೋವಾ ತಂದರು. ‘ಅದರಷ್ಟು ಸುಖ ಇದರಲ್ಲಿಲ್ಲ. ಆದರೆ ರಾತ್ರಿ ನಿದ್ದೆ ಬರ್ತದೆ’ ಎನ್ನುತ್ತಾರೆ. ಕಾರಿನ ಖರ್ಚು ಬರೆಯುವಾಗ ನಾವೆಲ್ಲ ಎಣ್ಣೆ, ಟೈರು ಬರೆಯುತ್ತೇವೆ. ನಿಂತ ದಿನಗಳನ್ನು ಯಾರೂ ಬರೆಯುವುದಿಲ್ಲ.

ಜಪಾನಿಗೂ ಪೂರ್ತಿ ಮಾರ್ಕು ಬೇಡ

ಜಪಾನಿನದ್ದು ಎಂದರೆ ದೋಷವೇ ಇಲ್ಲ ಎಂದುಕೊಳ್ಳಬೇಡಿ. ಅಲ್ಲಿನ ತಕಾತಾ ಕಂಪನಿಯ ಏರ್‌ಬ್ಯಾಗುಗಳು ಸಿಡಿದು ಲೋಹದ ಚೂರು ಹಾರಿ ಜನ ಸತ್ತರು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಏರ್‌ಬ್ಯಾಗ್ ಬದಲಿಸಬೇಕಾಯಿತು. 2017ರಲ್ಲಿ ಆ ಕಂಪನಿ ದಿವಾಳಿಯಾಯಿತು. ಸೆಕೆ ಮತ್ತು ತೇವದಲ್ಲಿ ಅದರ ರಾಸಾಯನಿಕ ಬೇಗ ಕೆಡುತ್ತದೆ, ಎಂದರೆ ಕರಾವಳಿಯವರಿಗೇ ಅಪಾಯ ಹೆಚ್ಚು. 2023ರ ಡಿಸೆಂಬರಿನಲ್ಲಿ ಟೊಯೊಟಾದ ಅಂಗಸಂಸ್ಥೆ ಡೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಮೋಸ ಮಾಡಿದ್ದು ಬಯಲಾಯಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮಾಡಿದ ಮೋಸದ ಹಾಗೆಯೇ ಇದೂ ದೊಡ್ಡ ಸುದ್ದಿ.

ಬಾಳಿಕೆ ಬೇರೆ, ಜೀವ ಉಳಿಸುವುದು ಬೇರೆ. 2014ರ ಗ್ಲೋಬಲ್ ಎನ್‌ಕ್ಯಾಪ್ ಢಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಮಾರುತಿ ಆಲ್ಟೊ 800, ಸ್ವಿಫ್ಟ್ ಎರಡಕ್ಕೂ ಸೊನ್ನೆ ಸ್ಟಾರ್ ಬಂತು. ಏರ್‌ಬ್ಯಾಗ್ ಇದ್ದ ಫೋಕ್ಸ್‌ವ್ಯಾಗನ್ ಪೋಲೊಗೆ ನಾಲ್ಕು. 2022ರಲ್ಲಿ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್ ಐದು ಪಡೆದವು. ಸುಜುಕಿಯವರೂ ಎಚ್ಚೆತ್ತಿದ್ದಾರೆ, 2024ರ ಹೊಸ ಡಿಸೈರ್‌ಗೆ ಐದು ಸ್ಟಾರ್ ಬಂದಿದೆ. ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು ಈ ಲೆಕ್ಕವನ್ನು ಬಿಡಬಾರದು.

ಕೊಳ್ಳುವ ಮೊದಲು

ಹಳೇ ಕಾರು ನೋಡಲು ಹೋಗುವವರಿಗೆ ಕೆಲವು ಸೂಚನೆ:

1. ಸರ್ವಿಸ್ ದಾಖಲೆ ಕೇಳಿ. ಯುರೋಪಿನ ಕಾರಿಗೆ ಪೂರ್ತಿ ದಾಖಲೆ ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಕೈ ಮುಗಿದು ಬನ್ನಿ.

2. ನಿಮ್ಮ ಮನೆಯಿಂದ ಆ ಕಂಪನಿಯ ಸರ್ವಿಸ್ ಸೆಂಟರ್ ಎಷ್ಟು ದೂರ? ಊರ ಗ್ಯಾರೇಜಿನವನು ಆ ಮಾದರಿಯನ್ನು ಹಿಂದೆ ಬಿಚ್ಚಿದ್ದಾನೋ? ಅವನನ್ನೇ ಜತೆಗೆ ಕರೆದೊಯ್ಯಿರಿ.

3. ಹತ್ತು ವರ್ಷ ದಾಟಿದ್ದಾದರೆ ಕೈಯಲ್ಲಿ ಹಾಕುವ ಗೇರೇ ವಾಸಿ. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸಿನ ಒಂದು ರಿಪೇರಿಯ ಹಣ ಬೇರೆಯೇ ತೆಗೆದಿಡಿ.

4. ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡಿದರೆ ಅದು ಕಟ್ಟಿಕೊಳ್ಳುತ್ತದೆ, ಜಪಾನಿನದ್ದಾದರೂ ಅಷ್ಟೆ. ಸೊಸೈಟಿಗೆ ಹೋಗಿ ಬರುವಷ್ಟೇ ಓಡಾಟವಿದ್ದರೆ ಪೆಟ್ರೋಲ್ ಕಾರು ಒಳ್ಳೆಯದು.

5. ಈಗ ಪೆಟ್ರೋಲಿನಲ್ಲಿ 20% ಎಥೆನಾಲ್ ಬೆರೆಸುತ್ತಾರೆ. 2023ರ ಏಪ್ರಿಲಿಗಿಂತ ಹಿಂದಿನ ಹೆಚ್ಚಿನ ಕಾರುಗಳು ಅದಕ್ಕೆಂದೇ ರೂಪಿಸಿದವಲ್ಲ. ಇಂಧನದ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸಿ.

6. 2013ರ ಆಸುಪಾಸಿನವರೆಗಿನ ಹೋಂಡಾ, ಟೊಯೊಟಾ, ನಿಸಾನ್ ಕಾರಾದರೆ ಚಾಸಿಸ್ ನಂಬರ್ ಕೊಟ್ಟು ಏರ್‌ಬ್ಯಾಗ್ ಬದಲಿಸಿದ್ದಾರೋ ಎಂದು ಕಂಪನಿಯಲ್ಲಿ ಕೇಳಿ. ಬದಲಿಸಲು ದುಡ್ಡಿಲ್ಲ.

7. ಹೆಗ್ಗಣ, ಇಲಿಗೆ ದೇಶಭೇದವಿಲ್ಲ. ವೈರು ಕಡಿದರೆ ಎಲೆಕ್ಟ್ರಾನಿಕ್ ಹೆಚ್ಚಿರುವ ಕಾರಿಗೆ ಖರ್ಚು ಹೆಚ್ಚು. ಶೆಡ್ಡಿನಲ್ಲಿ ಅಡಿಕೆ, ಭತ್ತದ ಚೀಲದ ಪಕ್ಕ ಕಾರು ನಿಲ್ಲಿಸಬೇಡಿ.

ಕುಶಾಕ್, ಟೈಗುನ್‌ಗಳಂಥ ಯುರೋಪಿನ ಹೊಸ ಕಾರುಗಳು 2021ರಿಂದ ಭಾರತಕ್ಕೆಂದೇ ರೂಪುಗೊಂಡು ಬಂದಿವೆ. ಹೆಚ್ಚಿನ ಬಿಡಿಭಾಗ ಇಲ್ಲೇ ತಯಾರಾಗುತ್ತದೆ. ಇವು ಹಳೆಯವುಗಳ ಹೆಸರು ಸರಿಪಡಿಸಲೂಬಹುದು. ಆದರೆ ಹತ್ತು ವರ್ಷ ತುಂಬದ ಮರದ ಇಳುವರಿ ಬಗ್ಗೆ ಕೊನೇ ಮಾತು ಹೇಳುವವರು ನಾವಲ್ಲ.

ಸದ್ಯಕ್ಕೆ ನನ್ನ ತೀರ್ಮಾನ ಇಷ್ಟು. ಸರ್ವಿಸ್ ಸೆಂಟರ್ ಹತ್ತಿರವಿದ್ದು, ಹೆದ್ದಾರಿ ಓಡಾಟ ಹೆಚ್ಚಿದ್ದು, ಹೊತ್ತಿಗೆ ಸರಿಯಾಗಿ ದುಡ್ಡು ಹಾಕುವವರು ಯುರೋಪಿನ ಕಾರನ್ನು ಹೊಸತಾಗಿ ಕೊಳ್ಳಬಹುದು. ಅದರ ಗಟ್ಟಿತನ ಅವರಿಗೆ ದಕ್ಕುತ್ತದೆ. ಕಚ್ಚಾ ರಸ್ತೆಯ ಕೊನೆಯಲ್ಲಿ ಮನೆಯಿದ್ದು, ಇರುವುದೊಂದೇ ಕಾರಾಗಿ, ರಾತ್ರಿ ಹನ್ನೆರಡಕ್ಕೂ ಅದು ಸ್ಟಾರ್ಟ್ ಆಗಲೇಬೇಕು ಎಂಬ ಪರಿಸ್ಥಿತಿಯವರು ಹಳತು ಕೊಳ್ಳುವುದಾದರೆ ಜಪಾನಿ ಮೂಲದ್ದನ್ನೇ ನೋಡಿ. ನಿಮ್ಮಲ್ಲಿ ಯಾರಾದರೂ ಯುರೋಪಿನ ಕಾರನ್ನು ಹಳ್ಳಿಯಲ್ಲೇ ಇಟ್ಟುಕೊಂಡು ಹದಿನೈದು ವರ್ಷ ಸುಸೂತ್ರವಾಗಿ ಓಡಿಸಿದ್ದರೆ ಖರ್ಚಿನ ಲೆಕ್ಕ ಸಮೇತ ಪತ್ರಿಕೆಗೆ ಬರೆಯಿರಿ. ಎಷ್ಟು ದಿನ ನಿಂತಿತ್ತು ಎಂಬುದನ್ನೂ ಸೇರಿಸಿ.